ಬೆರಳಿನ ಮೇಲೊಂದು ಆಕಾಶದ ಚೂರು



ಈ ಪತ್ರಿಕೆಯನ್ನು ಒಂದು ಕ್ಷಣ ಮಡಿಲಲ್ಲಿಟ್ಟು ನಿಮ್ಮ ಬೆರಳಿನ ಉಂಗುರವನ್ನೊಮ್ಮೆ ನೋಡಿಕೊಳ್ಳಿ. ಅದರ ಬೆಲೆ ಎಷ್ಟೆಂದು ಯಾರಾದರೂ ಕೇಳಿದರೆ ಥಟ್ಟನೆ ಹೇಳಿಬಿಡುತ್ತೀರಿ. ಚಿನ್ನದ ಇಂದಿನ ದರ ನಮ್ಮಲ್ಲಿ ಯಾರಿಗೆ ತಾನೆ ಬಾಯಿಪಾಠವಿಲ್ಲ? ಆದರೆ ಅದನ್ನು ಕೊಟ್ಟವರು ಯಾರು ಎಂದು ಕೇಳಿದರೆ ಬೆಲೆಯ ಮಾತು ಹಿಂದೆ ಸರಿದು ಬೇರೆಯೇ ಒಂದು ಕಥೆ ಮುಂದೆ ಬರುತ್ತದೆ, ಅಲ್ಲವೇ?

ನಾನಿಲ್ಲಿ ಹೇಳಹೊರಟಿರುವುದು ಅಂಥ ಒಂದು ಉಂಗುರದ ಕಥೆ; ಅದರ ನಡುವೆ ಕೂತಿರುವ ನೀಲಿ ಕಲ್ಲಿನ ಕಥೆ. ಇಂಗ್ಲಿಷಿನಲ್ಲಿ ಇದನ್ನು ಟರ್ಕಾಯ್ಸ್ ಎನ್ನುತ್ತಾರೆ. ನಮ್ಮ ಮುಂಬಯಿಯ ಜವೇರಿ ಬಜಾರಿನಲ್ಲಿ ಕೇಳಿದರೆ ಫಿರೋಜಾ ಎನ್ನುತ್ತಾರೆ.

ಈ ಕಲ್ಲಿನ ಪರಿಚಯ ನನಗೆ ಮೊದಲು ಆದದ್ದು ಆಭರಣದ ಅಂಗಡಿಯಲ್ಲಲ್ಲ, ಕಾಲೇಜಿನ ತರಗತಿಯಲ್ಲಿ. ಬಿ.ಎ.ಗೆ ನಮಗೆ ಷೇಕ್ಸ್‌ಪಿಯರನ 'ಮರ್ಚೆಂಟ್ ಆಫ್ ವೆನಿಸ್' ಪಠ್ಯವಾಗಿತ್ತು. ಬಡ್ಡಿ ವ್ಯಾಪಾರಿ ಶೈಲಾಕನ ಮಗಳು ಜೆಸ್ಸಿಕಾ ತಂದೆಯ ಹಣ, ಒಡವೆಗಳನ್ನು ಎತ್ತಿಕೊಂಡು ಪ್ರಿಯಕರನೊಂದಿಗೆ ಓಡಿಹೋಗುತ್ತಾಳೆ. ಗೆಳೆಯ ಟ್ಯೂಬಲ್ ಅವಳ ಸುದ್ದಿಯನ್ನು ಒಂದೊಂದಾಗಿ ತರುತ್ತಾನೆ. ಶೈಲಾಕ್ ಮೊದಲು ಗೋಳಾಡುವುದು ಒಂದು ವಜ್ರಕ್ಕಾಗಿ. ಅದನ್ನು ಫ್ರಾಂಕ್‌ಫರ್ಟಿನಲ್ಲಿ ಎರಡು ಸಾವಿರ ಡಕೆಟ್ ಕೊಟ್ಟು ಕೊಂಡಿದ್ದ. ಆಮೇಲೆ, ಜೆಸ್ಸಿಕಾ ಒಂದು ಮಂಗವನ್ನು ಪಡೆದು ಅದಕ್ಕೆ ಬದಲಾಗಿ ಒಂದು ಉಂಗುರವನ್ನು ಕೊಟ್ಟುಬಿಟ್ಟಳು ಎಂಬ ಸುದ್ದಿ ಬರುತ್ತದೆ. ಅದು ಫಿರೋಜಾ ಕಲ್ಲಿನ ಉಂಗುರ. ಈ ಬಾರಿ ಅವನ ಬಾಯಿಂದ ಬೆಲೆಯ ಮಾತೇ ಹೊರಡುವುದಿಲ್ಲ. ತಾನಿನ್ನೂ ಬ್ರಹ್ಮಚಾರಿಯಾಗಿದ್ದಾಗ ಅದನ್ನು ಕೊಟ್ಟ ಲೀಯಾ ಎಂಬವಳ ಹೆಸರು ಬರುತ್ತದೆ. ಇಡೀ ನಾಟಕದಲ್ಲಿ ಆ ಕಠಿಣ ಮನುಷ್ಯನ ಎದೆ ತೆರೆದುಕೊಳ್ಳುವುದು ಆ ಒಂದು ಗಳಿಗೆ ಮಾತ್ರ.

ವಜ್ರಕ್ಕೆ ಬೆಲೆ, ಫಿರೋಜಾಕ್ಕೆ ಹೆಸರು! ಹತ್ತೊಂಬತ್ತರ ಹರೆಯದಲ್ಲಿ ನನಗೆ ಇದರ ಅರ್ಥವಾಗಿರಲಿಲ್ಲ. ನಾವೆಲ್ಲ ಪೋರ್ಷಿಯಾಳ ವಾದವೈಖರಿಗೆ ಮರುಳಾಗಿದ್ದೆವು. ಪರೀಕ್ಷೆಗೂ ಅದೇ ಬರುತ್ತಿತ್ತು.

ನಮ್ಮ ಮನೆಯ ಉಂಗುರ

ಮದುವೆಯಾಗಿ ಮುಂಬಯಿಗೆ ಬಂದಾಗ ನನ್ನ ಅತ್ತೆಯವರ ಬೆರಳಿನಲ್ಲಿ ಈ ಕಲ್ಲನ್ನು ಕಣ್ಣಾರೆ ಕಂಡೆ. ಕಡಲೆಕಾಳಿಗಿಂತ ತುಸು ದೊಡ್ಡದು, ಮಳೆ ನಿಂತ ಮರುದಿನದ ಆಕಾಶದ ಬಣ್ಣ, ಸುತ್ತಲೂ ಆರು ಪುಟ್ಟ ವಜ್ರಗಳು. ನಮ್ಮ ಮಾವನವರು ಸರಕಿನ ಹಡಗಿನಲ್ಲಿ ಕೆಲಸದಲ್ಲಿದ್ದವರು. 1960ರ ದಶಕದಲ್ಲಿ ಹಡಗು ಇರಾನಿನ ಖುರ್ರಮ್‌ಶಹರ್ ಬಂದರಿನಲ್ಲಿ ತಂಗಿದ್ದಾಗ ಈ ಕಲ್ಲನ್ನು ಕೊಂಡು, ಹತ್ತಿಯಲ್ಲಿ ಸುತ್ತಿ ತಂದಿದ್ದರಂತೆ. ವಜ್ರಗಳು ಅತ್ತೆಯವರ ತವರಿನವು. ಏಳು ಹರಳಿನ ಬೆಂಡೋಲೆಗಳಲ್ಲಿ ಒಂದು ರೈಲಿನ ನೂಕುನುಗ್ಗಲಿನಲ್ಲಿ ಕಳೆದುಹೋಗಿತ್ತು. ಉಳಿದ ಒಂಟಿ ಓಲೆಯ ಆರು ಹರಳುಗಳು ಉಂಗುರಕ್ಕೆ ಬಂದವು. ಏಳನೆಯದು ನಾದಿನಿಯ ಮೂಗುತಿಯಾಯಿತು.

ನನಗೆ ಮಗಳು ಹುಟ್ಟಿದಾಗ ಅತ್ತೆ ಆ ಉಂಗುರವನ್ನು ನನ್ನ ಬೆರಳಿಗೆ ತೊಡಿಸಿದರು. ಅಂದಿನಿಂದ ಅದು ಬೆರಳು ಬಿಟ್ಟು ಇಳಿದದ್ದು ಅಪರೂಪ.

ಕಳೆದ ವರ್ಷ ಮಗಳ ನಿಶ್ಚಿತಾರ್ಥ ಗೊತ್ತಾಯಿತು. ಅದೇ ಉಂಗುರವನ್ನು ಅವಳಿಗೆ ಹೊಸದಾಗಿ ಮಾಡಿಸಿಕೊಡೋಣವೆಂದು ಒಬ್ಬ ಆಭರಣ ವ್ಯಾಪಾರಿಯಲ್ಲಿಗೆ ಹೋದೆ. ಆತ ಕಣ್ಣಿಗೆ ಭೂತಗನ್ನಡಿ ಹಿಡಿದು ನೋಡಿ, "ಭಾಭಿ, ಈ ಕಲ್ಲು ಸತ್ತುಹೋಗಿದೆ. ಹಸಿರು ತಿರುಗಿದೆ ನೋಡಿ. ಚಿನ್ನಕ್ಕೆ, ವಜ್ರಕ್ಕೆ ಲೆಕ್ಕ ಕಟ್ಟಿ ಕೊಡುತ್ತೇನೆ. ಇದನ್ನು ತೆಗೆದು ಬಿಸಾಡಿ, ಹೊಸದು ಕೂರಿಸೋಣ" ಎಂದ. ಅವನು ಹೇಳಿದ್ದು ಸುಳ್ಳಲ್ಲ. ದಿನವೂ ನೋಡುವ ಕಣ್ಣಿಗೆ ತಿಳಿದಿರಲಿಲ್ಲ, ಅಷ್ಟೆ. ಅತ್ತೆಯವರ ಆಕಾಶ ನನ್ನ ಬೆರಳಿನಲ್ಲಿ ಕೆರೆಯ ನೀರಾಗಿತ್ತು!

ಹೂಂ ಎನ್ನಲು ಬಾಯಿ ತೆರೆದವಳು ಯಾಕೋ ತಡೆದೆ. ಯೋಚಿಸಿ ಹೇಳುತ್ತೇನೆಂದು ಎದ್ದು ಬಂದೆ. ಆಮೇಲೆ ಕೆಲವು ತಿಂಗಳು ಪುಸ್ತಕಗಳನ್ನು ತಿರುವಿ ಹಾಕಿದೆ, ಬಲ್ಲವರನ್ನು ಕೇಳಿದೆ. ತಿಳಿದುಬಂದದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಹೆಸರಿನೊಳಗಿನ ಊರುಗಳು

ಮೊದಲು ಹೆಸರಿನ ಗೊಂದಲ ಬಿಡಿಸೋಣ. ಕೆಲವರು ಟರ್ಕಾಯ್ಸ್ ಎಂದರೆ ವೈಡೂರ್ಯವೆಂದು ತಿಳಿದಿದ್ದಾರೆ. ನವರತ್ನಗಳಲ್ಲಿ ಬರುವ ವೈಡೂರ್ಯ ಬೆಕ್ಕಿನ ಕಣ್ಣಿನಂತೆ ನಡುವೆ ಬೆಳಕಿನ ಗೆರೆಯೋಡುವ ಬೇರೆಯೇ ಕಲ್ಲು. ಫಿರೋಜಾ ನಮ್ಮ ನವರತ್ನಗಳ ಪಂಕ್ತಿಯಲ್ಲಿ ಇಲ್ಲವೇ ಇಲ್ಲ. ಸಂಸ್ಕೃತದಲ್ಲಿ ಇದಕ್ಕಿರುವ 'ಪೇರೋಜ' ಎಂಬ ಹೆಸರೂ ಪಾರಸಿಯಿಂದ ಬಂದದ್ದು. ಪಾರಸಿಯ 'ಫಿರೂಜೆ' ಎಂಬ ಹೆಸರಿನ ಹಿಂದೆ ಗೆಲುವು, ವಿಜಯ ಎಂಬ ಅರ್ಥವಿದೆ.

ಇನ್ನು 'ಟರ್ಕಾಯ್ಸ್' ಎಂಬುದು ಹಳೆಯ ಫ್ರೆಂಚ್ ಪದ, ತುರ್ಕಿಯದು ಎಂದರ್ಥ. ವಾಸ್ತವವಾಗಿ ಕಲ್ಲು ಪರ್ಷಿಯಾದ್ದು. ಯುರೋಪಿಗೆ ಅದು ತುರ್ಕಿಯ ವ್ಯಾಪಾರಿಗಳ ಕೈದಾಟಿ ಹೋದುದರಿಂದ ಮಾರಿದವನ ಹೆಸರೇ ಕಲ್ಲಿಗೆ ಅಂಟಿಕೊಂಡಿತು. ಊರು ಬಿಟ್ಟು ಊರಿಗೆ ಬಂದ ನಮ್ಮಂಥವರಿಗೆ ಇದು ಹೊಸತಲ್ಲ. ಮುಂಬಯಿಯಲ್ಲಿ ನಾವೆಲ್ಲ 'ಮದ್ರಾಸಿ'ಗಳಾಗಿದ್ದ ಕಾಲವೊಂದಿತ್ತಲ್ಲ!

ಕಲ್ಲು ಹುಟ್ಟುವ ಬಗೆ

ವಜ್ರ ಭೂಮಿಯ ಆಳದಲ್ಲಿ, ನೂರೈವತ್ತು ಕಿಲೋಮೀಟರಿಗೂ ಕೆಳಗೆ, ವಿಪರೀತ ಬಿಸಿ ಮತ್ತು ಒತ್ತಡದಲ್ಲಿ ಹುಟ್ಟುತ್ತದೆ. ಬರಿಯ ಇಂಗಾಲ ಅದು. ಫಿರೋಜಾ ಹಾಗಲ್ಲ. ಒಣಭೂಮಿಯಲ್ಲಿ, ನೆಲದ ಮೇಲ್ಪದರಕ್ಕೆ ಹತ್ತಿರದಲ್ಲೇ, ಅಪರೂಪಕ್ಕೆ ಬೀಳುವ ಮಳೆಯ ನೀರು ಬಂಡೆಗಳ ಬಿರುಕಿನಲ್ಲಿ ಇಳಿಯುತ್ತ, ದಾರಿಯಲ್ಲಿ ಸಿಕ್ಕ ತಾಮ್ರ, ಅಲ್ಯೂಮಿನಿಯಂ, ರಂಜಕದ ಅಂಶಗಳನ್ನು ಕರಗಿಸಿಕೊಂಡು, ಕಾಲಾಂತರದಲ್ಲಿ ಹೆಪ್ಪುಗಟ್ಟುವುದರಿಂದ ಆಗುವ ಕಲ್ಲು. ನೀಲಿ ಬಣ್ಣ ತಾಮ್ರದ ಕೊಡುಗೆ. ಕಬ್ಬಿಣದ ಅಂಶ ಸೇರಿದಷ್ಟೂ ಹಸಿರು ಹೆಚ್ಚು. ಸುತ್ತಲಿನ ಬಂಡೆಯ ಎಳೆಗಳು ಒಳಗೆ ಉಳಿದರೆ ಕಂದು ಅಥವಾ ಕಪ್ಪು ಗೆರೆಗಳು ಜೇಡರಬಲೆಯಂತೆ ಕಾಣುತ್ತವೆ.

ಗಡಸುತನವನ್ನು ಅಳೆಯುವ ಮೋಸ್ ಮಾಪನದಲ್ಲಿ ವಜ್ರಕ್ಕೆ 10 ಅಂಕ. ಫಿರೋಜಾಕ್ಕೆ 5ರಿಂದ 6. ನಮ್ಮ ಮನೆಯ ಧೂಳಿನಲ್ಲಿರುವ ಮರಳಿನ ಕಣಕ್ಕೂ 7 ಇದೆ. ಎಂದರೆ, ಧೂಳು ಕೂಡ ಇದನ್ನು ಗೀರಬಲ್ಲದು! ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ ಈ ಕಲ್ಲಿನ ಮೈತುಂಬ ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳಿವೆ. ಮುಟ್ಟಿದ್ದನ್ನು ಅದು ಹೀರಿಕೊಳ್ಳುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಐದು ಸಾವಿರ ವರ್ಷದ ಕೈಬಳೆ

ಮನುಷ್ಯ ಈ ಕಲ್ಲಿಗೆ ಮನಸೋತು ಬಹಳ ಕಾಲವಾಯಿತು. ಈಜಿಪ್ಟಿನ ಅಬಿಡೋಸಿನಲ್ಲಿ, ಮೊದಲನೆಯ ರಾಜವಂಶದ ದೊರೆ ಜೆರ್‌ನ ಸಮಾಧಿಯನ್ನು ಫ್ಲಿಂಡರ್ಸ್ ಪೆಟ್ರಿ ಎಂಬ ಪುರಾತತ್ತ್ವಜ್ಞ 20ನೆಯ ಶತಮಾನದ ಆರಂಭದಲ್ಲಿ ಅಗೆಸಿದಾಗ, ನಾರುಬಟ್ಟೆ ಸುತ್ತಿದ ಒಂದು ತೋಳು ಸಿಕ್ಕಿತು. ಆ ತೋಳಿನಲ್ಲಿ ಇನ್ನೂ ನಾಲ್ಕು ಕೈಬಳೆಗಳಿದ್ದವು. ಚಿನ್ನದ ಜೊತೆ ಫಿರೋಜಾ ಸೇರಿಸಿ ಮಾಡಿದವು. ಅವುಗಳ ವಯಸ್ಸು ಸುಮಾರು ಐದು ಸಾವಿರ ವರ್ಷ. ಚಿನ್ನಕ್ಕೂ ಈ ನೀಲಿಗೂ ಇರುವ ಜೋಡಿ ಅಷ್ಟು ಹಳೆಯದು. 1922ರಲ್ಲಿ ಪತ್ತೆಯಾದ ತೂತಂಖಾಮನ್ನನ ಸಮಾಧಿಯ ಒಡವೆಗಳಲ್ಲಿಯೂ ಇದು ಧಾರಾಳವಾಗಿದೆ.

ಈಜಿಪ್ಟಿನವರಿಗೆ ಕಲ್ಲು ಸಿಗುತ್ತಿದ್ದದ್ದು ಸಿನಾಯ್ ಮರುಭೂಮಿಯ ಗಣಿಗಳಲ್ಲಿ. ಅಲ್ಲಿನ ಸೆರಾಬಿತ್ ಅಲ್ ಖಾದಿಮ್ ಎಂಬಲ್ಲಿ ಹಾಥೋರ್ ದೇವಿಯ ಗುಡಿಯಿದೆ. ಅವಳಿಗೆ 'ಫಿರೋಜಾದ ಒಡತಿ' ಎಂದೇ ಬಿರುದು. ಅಲ್ಲಿ ಹರ್ವೆರೆ ಎಂಬ ಅಧಿಕಾರಿಯೊಬ್ಬ ಕ್ರಿ.ಪೂ. 19ನೆಯ ಶತಮಾನದಲ್ಲಿ ನಿಲ್ಲಿಸಿದ ಶಾಸನವೊಂದಿದೆ. ಅವನನ್ನು ಗಣಿಗೆ ಕಳುಹಿಸಿದ್ದು ಬಿರುಬೇಸಗೆಯಲ್ಲಿ. ಬೇಸಗೆಯಲ್ಲಿ ಕಲ್ಲಿನ ಬಣ್ಣ ಕೆಡುತ್ತದೆ, ಒಳ್ಳೆಯದು ಸಿಗುವುದಿಲ್ಲವೆಂದು ಎಲ್ಲರೂ ಎದೆಗುಂದಿದ್ದರಂತೆ. ಆದರೂ ದೇವಿಯ ದಯೆಯಿಂದ ಒಳ್ಳೆಯ ಕಲ್ಲನ್ನೇ ತಂದೆನೆಂದು ಅವನು ಹೆಮ್ಮೆಯಿಂದ ಬರೆಸಿದ್ದಾನೆ. ಫಿರೋಜಾದ ಬಣ್ಣ ಕೆಡುತ್ತದೆಂಬ ಚಿಂತೆ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಇತ್ತೆಂದು ತಿಳಿದಾಗ ನನಗೆ ಸ್ವಲ್ಪ ಸಮಾಧಾನವಾಯಿತು!

ನಕಲಿಯೂ ಅಷ್ಟೇ ಪ್ರಾಚೀನ. ಮರಳಿನ ಹುಡಿಯನ್ನು ತಾಮ್ರದ ಬಣ್ಣದೊಡನೆ ಸುಟ್ಟು ಹೊಳಪು ಬರಿಸಿದ 'ಫಯಾನ್ಸ್' ಮಣಿಗಳನ್ನು ಈಜಿಪ್ಟಿನವರು ಆಗಲೇ ಮಾಡುತ್ತಿದ್ದರು. ನಿಜವಾದ ಕಲ್ಲನ್ನು ಕೊಳ್ಳಲಾಗದವರು ಅದನ್ನು ತೊಟ್ಟು ಸಂತೋಷಪಡುತ್ತಿದ್ದರು.

ಉಮರನ ಊರು, ಬಹಮನಿಯ ಸಿಂಹಾಸನ

ಫಿರೋಜಾದ ನಿಜವಾದ ತವರು ಇರಾನಿನ ಖೊರಾಸಾನ್ ಪ್ರಾಂತ್ಯದ ನಿಶಾಪುರ. ಕವಿ ಉಮರ್ ಖಯ್ಯಾಮನ ಊರದು. ಡಿ.ವಿ.ಜಿ.ಯವರ 'ಉಮರನ ಒಸಗೆ' ಓದಿದವರಿಗೆ ಅವನು ಅಪರಿಚಿತನಲ್ಲ. ಅಲ್ಲಿನ ಗಣಿಗಳಲ್ಲಿ ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಕೆಲಸ ನಡೆದಿದೆ. ಗೆರೆಯಿಲ್ಲದ, ಒಂದೇ ಸಮನಾದ ಆಕಾಶನೀಲಿ ಅಲ್ಲಿಯ ಕಲ್ಲಿನ ಹೆಗ್ಗುರುತು. ತೀರ ಉತ್ತಮ ದರ್ಜೆಯ ಕಲ್ಲುಗಳಿಗೆ ಅಲ್ಲಿ 'ಅಂಗುಶ್ತರಿ' ಎಂದು ಹೆಸರು. ಉಂಗುರಕ್ಕೆ ಯೋಗ್ಯವಾದದ್ದು ಎಂದರ್ಥ. ನಮ್ಮ ಸಂಸ್ಕೃತದ 'ಅಂಗುಷ್ಠ'ದ ಬಂಧುವೇ ಈ ಪದ. ಉಳಿದ ದರ್ಜೆಯವನ್ನು ತೂಕಕ್ಕೆ ಹಾಕಿ ಮಾರಿದರೆ, ಅಂಗುಶ್ತರಿಯನ್ನು ಒಂದೊಂದಾಗಿ, ಮುಖ ನೋಡಿ ಮಾರುತ್ತಿದ್ದರು.

17ನೆಯ ಶತಮಾನದಲ್ಲಿ ಫ್ರಾನ್ಸಿನ ರತ್ನವ್ಯಾಪಾರಿ ಟಾವೆರ್ನಿಯೇ ಈ ಗಣಿಗಳ ಬಗ್ಗೆ ಬರೆದಿದ್ದಾನೆ. 'ಹಳೆಯ ಬಂಡೆ'ಯ ಕಲ್ಲುಗಳನ್ನು ಪರ್ಷಿಯಾದ ದೊರೆ ತನಗಾಗಿಯೇ ಮೀಸಲಿಟ್ಟುಕೊಂಡಿದ್ದನಂತೆ. ಇದೇ ಟಾವೆರ್ನಿಯೇ ನಮ್ಮ ದಕ್ಷಿಣದ ಗೋಲ್ಕೊಂಡಕ್ಕೂ ಬಂದು, ಕೃಷ್ಣಾ ತೀರದ ಕೊಲ್ಲೂರಿನ ವಜ್ರದ ಗಣಿಗಳನ್ನು ಕಂಡು ಬರೆದವನು. 1720ರ ದಶಕದಲ್ಲಿ ಬ್ರೆಜಿಲಿನಲ್ಲಿ ವಜ್ರ ಸಿಗುವವರೆಗೆ ಜಗತ್ತಿನ ವಜ್ರಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೋಗುತ್ತಿದ್ದದ್ದು ಭಾರತದಿಂದಲೇ. ಆದ್ದರಿಂದ ಆ ಕಾಲದ ಯಾವುದೇ ಫಿರೋಜಾ-ವಜ್ರದ ಉಂಗುರವನ್ನು ನೋಡಿದರೂ ಅದರಲ್ಲಿ ನಿಶಾಪುರ ಮತ್ತು ದಕ್ಷಿಣ ಭಾರತ ಪಕ್ಕಪಕ್ಕ ಕೂತಿವೆಯೆಂದು ತಿಳಿಯಬಹುದು.

ಖೊರಾಸಾನಿಗೂ ಕನ್ನಡ ನಾಡಿಗೂ ನೇರ ನಂಟೂ ಇತ್ತು. 1443ರಲ್ಲಿ ಪ್ರೌಢದೇವರಾಯನ ವಿಜಯನಗರಕ್ಕೆ ಬಂದ ರಾಯಭಾರಿ ಅಬ್ದುಲ್ ರಜಾಕ್ ಖೊರಾಸಾನಿನ ಹೆರಾತ್ ನಗರದವನು. ಹಂಪೆಯ ಬಜಾರಿನಲ್ಲಿ ಮುತ್ತು, ಮಾಣಿಕ್ಯ, ಪಚ್ಚೆ, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಿದ್ದುದನ್ನು ಕಂಡು ಅವನು ಬೆರಗಾದ.

ಅದಕ್ಕಿಂತ ಸ್ವಾರಸ್ಯವಾದದ್ದು ಕಲಬುರಗಿಯ ಕಥೆ. ಬಹಮನಿ ಸುಲ್ತಾನರ ಸಿಂಹಾಸನದ ಹೆಸರೇ 'ತಖ್ತ್-ಎ-ಫಿರೋಜಾ'. ತೆಲಂಗಾಣದ ದೊರೆ ಕಾಪಯ ನಾಯಕ ಇದನ್ನು ಮೊದಲನೆಯ ಮಹಮ್ಮದ್ ಷಾನಿಗೆ ಕಾಣಿಕೆಯಾಗಿ ಕೊಟ್ಟದ್ದು. ಇತಿಹಾಸಕಾರ ಫೆರಿಸ್ತಾ ಬರೆದಿರುವಂತೆ ಅದು ಒಂಬತ್ತು ಅಡಿ ಉದ್ದ, ಮೂರು ಅಡಿ ಅಗಲದ ಕರಿಮರದ ಪೀಠ. ಮೇಲೆ ಚಿನ್ನದ ತಗಡು. ಫಿರೋಜಾ ಎಂಬ ಹೆಸರು ಬಂದದ್ದು ಅದರ ಮೇಲಿದ್ದ ಆಕಾಶನೀಲಿ ಮೀನಾಕಾರಿಯಿಂದ. ಆದರೆ ಗದ್ದುಗೆಯೇರಿದ ಪ್ರತಿಯೊಬ್ಬ ಸುಲ್ತಾನನೂ ತನ್ನ ಪಾಲಿನದೆಂದು ಬೆಲೆಬಾಳುವ ಹರಳುಗಳನ್ನು ಕೂರಿಸುತ್ತ ಹೋದ. ಕಡೆಗೆ ಆ ನೀಲಿಯೇ ಕಾಣದಂತಾಯಿತು! ಮಹಮೂದ್ ಷಾನ ಕಾಲದಲ್ಲಿ ಹರಳುಗಳನ್ನು ಪಾತ್ರೆ, ಬಟ್ಟಲುಗಳಿಗೆ ಹಾಕಿಸಲೆಂದು ಸಿಂಹಾಸನವನ್ನು ಬಿಚ್ಚಿದಾಗ ರತ್ನಪರೀಕ್ಷಕರು ಕಟ್ಟಿದ ಬೆಲೆ ಒಂದು ಕೋಟಿ ಹೊನ್ನು. ಬೆಲೆ ಏರಿತು, ಬಣ್ಣ ಮುಚ್ಚಿಹೋಯಿತು, ಕೊನೆಗೆ ಸಿಂಹಾಸನವೂ ಉಳಿಯಲಿಲ್ಲ. ಹೆಸರು ಮಾತ್ರ ಉಳಿಯಿತು.

ರಾಣಿಯರ ಬೆರಳಿಗೆ, ತಾಯಂದಿರ ತಲೆಗೆ

ಯುರೋಪಿನಲ್ಲಿ ಈ ಕಲ್ಲು ಪ್ರೀತಿಯ ಕುರುಹಾಯಿತು. 1840ರಲ್ಲಿ ವಿಕ್ಟೋರಿಯಾ ರಾಣಿಯ ಮದುವೆಯಾದಾಗ ಅವಳ ಉಡುಪಿನ ಸೆರಗು ಹಿಡಿದ ಹನ್ನೆರಡು ಮಂದಿ ಗೆಳತಿಯರಿಗೆ ಹದ್ದಿನ ಆಕಾರದ ಪದಕಗಳನ್ನು ಕೊಟ್ಟಳು. ಹದ್ದಿನ ಮೈಯೆಲ್ಲ ಫಿರೋಜಾ, ಕೊಕ್ಕು ವಜ್ರ, ಕಣ್ಣು ಮಾಣಿಕ್ಯ, ಉಗುರುಗಳಲ್ಲಿ ಮುತ್ತು. ಆ ಕಾಲದ ಪ್ರೇಮಿಗಳ ಉಂಗುರಗಳಲ್ಲಿ 'ಫರ್ಗೆಟ್-ಮಿ-ನಾಟ್' ಎಂಬ ನೀಲಿ ಹೂವಿನ ವಿನ್ಯಾಸ ಬಹು ಜನಪ್ರಿಯ. ದಳಗಳು ಫಿರೋಜಾ, ನಡುವೆ ಒಂದು ಪುಟ್ಟ ವಜ್ರ ಅಥವಾ ಮುತ್ತು. 'ಮರೆಯಬೇಡ' ಎಂದು ಬಾಯಿಬಿಟ್ಟು ಹೇಳಲಾರದವರು ಉಂಗುರದ ಮೂಲಕ ಹೇಳುತ್ತಿದ್ದರು.

ಬಡಪಾಯಿ ಫಿರೋಜಾ ಒಮ್ಮೆ ಪಚ್ಚೆಯ ಜಾಗದಲ್ಲೂ ಕೂತಿತು. 1810ರಲ್ಲಿ ನೆಪೋಲಿಯನ್ ತನ್ನ ಎರಡನೆಯ ಹೆಂಡತಿ ಮೇರಿ ಲೂಯಿಸಳಿಗೆ ಪಚ್ಚೆ-ವಜ್ರಗಳ ಕಿರೀಟವೊಂದನ್ನು ಉಡುಗೊರೆಯಿತ್ತ. 20ನೆಯ ಶತಮಾನದಲ್ಲಿ ಅದನ್ನು ಕೊಂಡ ಆಭರಣ ಸಂಸ್ಥೆಯವರು ಪಚ್ಚೆಗಳನ್ನು ಕಿತ್ತು ಬಿಡಿಬಿಡಿಯಾಗಿ ಮಾರಿದರು. 1956ರಿಂದ 1962ರ ನಡುವೆ ಆ ಖಾಲಿ ಜಾಗಗಳಿಗೆ ಪರ್ಷಿಯಾದ 79 ಫಿರೋಜಾಗಳನ್ನು ಕೂರಿಸಿದರು. 1971ರಿಂದ ಆ ಕಿರೀಟ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಸುತ್ತಲಿನ ಸಾವಿರದಷ್ಟು ವಜ್ರಗಳ ಬೆಳಕಿನಲ್ಲಿ ಆ ನೀಲಿ ಎಷ್ಟು ಶಾಂತವಾಗಿ ಕಾಣುತ್ತದೆಂದರೆ, ಚಿತ್ರ ನೋಡಿದವರಿಗೆ ಪಚ್ಚೆಯ ನೆನಪೇ ಬಾರದು. ವಜ್ರ ಬೆಳಕನ್ನು ಒಳಕ್ಕೆಳೆದು ಸಿಡಿಸುತ್ತದೆ. ಅದಕ್ಕೇ ಅದಕ್ಕೆ ಅಷ್ಟೊಂದು ಪಟ್ಟೆ ಹೊಡೆಯುತ್ತಾರೆ. ಫಿರೋಜಾದ ಮೂಲಕ ಬೆಳಕು ಹಾಯುವುದಿಲ್ಲ. ಅದನ್ನು ಗುಮ್ಮಟದಂತೆ ನುಣುಪಾಗಿ ಉಜ್ಜಿದರೆ ಸಾಕು. ಒಂದು ಚಂಚಲೆ, ಇನ್ನೊಂದು ಗಂಭೀರೆ. ಈ ಜೋಡಿ ಒಪ್ಪುವುದು ಹಾಗಾಗಿಯೇ.

ದೂರದ ಮಾತೇಕೆ, ನಮ್ಮ ಲಡಾಖಿಗೇ ಬನ್ನಿ. ಅಲ್ಲಿನ ಹೆಂಗಸರು ಹಬ್ಬ, ಮದುವೆಗಳಲ್ಲಿ 'ಪೆರಾಕ್' ಎಂಬ ಶಿರೋಭೂಷಣ ಧರಿಸುತ್ತಾರೆ. ಹಣೆಯಿಂದ ಬೆನ್ನಿನವರೆಗೆ ಇಳಿಬಿದ್ದ ಪಟ್ಟಿಯ ಮೇಲೆ ಸಾಲುಸಾಲು ಫಿರೋಜಾಗಳು. ತಾಯಿಯಿಂದ ಹಿರಿಯ ಮಗಳಿಗೆ ಅದು ಬಳುವಳಿಯಾಗಿ ಹೋಗುತ್ತದೆ. ಆ ಕಲ್ಲುಗಳಲ್ಲಿ ನೀಲಿಯೂ ಇವೆ, ಹಸಿರು ತಿರುಗಿದವೂ ಇವೆ. ಹಸಿರಾಯಿತೆಂದು ಅಲ್ಲಿ ಯಾವ ತಾಯಿಯೂ ಅಜ್ಜಿಯ ಕಲ್ಲನ್ನು ಕಿತ್ತು ಬಿಸಾಡುವುದಿಲ್ಲ. ಇದನ್ನು ಓದಿದ ದಿನ ನನ್ನ ಉಂಗುರದ ತೀರ್ಮಾನ ಅರ್ಧ ಆಗಿಹೋಯಿತು.

ಬಣ್ಣ ಬದಲಾಗುವ ಗುಟ್ಟು

ಹಿಂದಿನವರಿಗೂ ಈ ಬಣ್ಣ ಬದಲಾವಣೆ ದೊಡ್ಡ ಒಗಟಾಗಿತ್ತು. ಧರಿಸಿದವರಿಗೆ ಕಾಯಿಲೆ ಬರುವುದಾದರೆ ಕಲ್ಲು ಕಳೆಗುಂದುತ್ತದೆ, ಒಡೆಯ ಸತ್ತರೆ ಬಣ್ಣ ಕಳೆದುಕೊಳ್ಳುತ್ತದೆ, ಕುದುರೆಯಿಂದ ಬೀಳುವವನನ್ನು ಕಾಪಾಡುತ್ತದೆ ಎಂದೆಲ್ಲ ನಂಬಿದ್ದರು. ಪ್ರಾಗ್ ನಗರದಲ್ಲಿ ಚಕ್ರವರ್ತಿಯ ವೈದ್ಯನಾಗಿದ್ದ ಡಿ ಬೂಟ್ ಎಂಬವನು 1609ರ ತನ್ನ ರತ್ನಗ್ರಂಥದಲ್ಲಿ ಸ್ವಂತ ಅನುಭವವನ್ನೇ ಹೇಳಿಕೊಂಡಿದ್ದಾನೆ. ತೀರಿಕೊಂಡವನೊಬ್ಬನ ಕಳೆಗುಂದಿದ ಫಿರೋಜಾವನ್ನು ಅವನ ತಂದೆ ಕೊಂಡು ಮಗನಿಗೆ ಕೊಟ್ಟ. ಮಗ ತೊಟ್ಟ ಮೇಲೆ ಅದಕ್ಕೆ ಮತ್ತೆ ಕಳೆ ಬಂತಂತೆ. ಮುಂದೆ ಕುದುರೆಯೊಂದಿಗೆ ಬಿದ್ದಾಗ ಅವನಿಗೇನೂ ಆಗಲಿಲ್ಲ. ಆಮೇಲೆ ನೋಡಿದರೆ ಕಲ್ಲಿನ ತುಣುಕೊಂದು ಮುರಿದಿತ್ತಂತೆ!

ಇಂದಿನ ವಿಜ್ಞಾನ ಹೇಳುವುದು ಬೇರೆ. ನಾನು ಮೊದಲೇ ಹೇಳಿದೆನಲ್ಲ, ಈ ಕಲ್ಲಿನ ಮೈಯೆಲ್ಲ ರಂಧ್ರ. ಬೆವರು, ಚರ್ಮದ ಜಿಡ್ಡು, ಸಾಬೂನು, ಸುಗಂಧದ್ರವ್ಯ, ಅಡಿಗೆಯ ಎಣ್ಣೆ ಎಲ್ಲವನ್ನೂ ಅದು ಕುಡಿಯುತ್ತದೆ. ಕುಡಿದದ್ದರಿಂದ ನೀಲಿ ಮೆಲ್ಲನೆ ಹಸಿರಾಗುತ್ತದೆ. ಅತಿಯಾದ ಬಿಸಿಗೆ ಒಳಗಿನ ನೀರಿನಂಶ ಆರಿದರೂ ಬಣ್ಣ ಕೆಡುತ್ತದೆ. ಒಮ್ಮೆ ಹಸಿರಾದದ್ದು ಸಾಮಾನ್ಯವಾಗಿ ಹಳೆಯ ನೀಲಿಗೆ ಹಿಂದಿರುಗುವುದಿಲ್ಲ.

ಇದನ್ನು ಓದಿದಾಗ ನನಗೆ ಥಟ್ಟನೆ ನೆನಪಾದದ್ದು ನಮ್ಮ ಅಡಿಗೆಮನೆಯ ಕಿಟಕಿ. ಅತ್ತೆ ಚಪಾತಿಯ ಹಿಟ್ಟು ನಾದುವ ಮೊದಲು ಉಂಗುರವನ್ನು ಕಳಚಿ ಕಿಟಕಿಯ ಮೇಲಿನ ಪುಟ್ಟ ಸ್ಟೀಲ್ ಬಟ್ಟಲಿನಲ್ಲಿ ಇಡುತ್ತಿದ್ದರು. ತಲೆಗೆ ಎಣ್ಣೆ ಹಚ್ಚುವಾಗಲೂ ಹಾಗೆಯೇ, ಪಾತ್ರೆ ತೊಳೆಯುವಾಗಲೂ ಹಾಗೆಯೇ. ಚಿನ್ನ ಸವೆಯುತ್ತದೆಂಬ ಜಿಪುಣತನವಿರಬೇಕೆಂದು ನಾನು ಒಳಗೊಳಗೇ ನಕ್ಕಿದ್ದೆ. ಉಂಗುರ ನನ್ನ ಕೈಗೆ ಬಂದ ಮೇಲೆ ಒಂದು ದಿನವೂ ಹಾಗೆ ಮಾಡಲಿಲ್ಲ. ಹಿಟ್ಟು, ಎಣ್ಣೆ, ಅರಿಶಿನ, ಸಾಬೂನು ಎಲ್ಲದರಲ್ಲೂ ಅದನ್ನು ಮುಳುಗಿಸಿದೆ. ಹಬ್ಬ ಬಂದಾಗಲೆಲ್ಲ ಉಳಿದ ಒಡವೆಗಳ ಜೊತೆ ಅಂಟುವಾಳದ ಬಿಸಿನೀರಿನಲ್ಲಿ ನೆನೆಹಾಕಿ ತಿಕ್ಕಿದೆ. ವಜ್ರಗಳು ಫಳಫಳ ಹೊಳೆದವು. ಪಾಪ, ಕಲ್ಲು ಸುಮ್ಮನೆ ಕುಡಿಯಿತು.

ಹೀಗೆ ಮಾಡು ಎಂದು ಅತ್ತೆ ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಕೇಳಬೇಕೆಂದು ನನಗೂ ತೋಚಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.

ಕೊಳ್ಳುವವರಿಗೆ, ಇಟ್ಟುಕೊಂಡವರಿಗೆ

ನನ್ನ ತಪ್ಪು ನಿಮ್ಮಿಂದಾಗಬಾರದೆಂದು ಕೆಲವು ಮಾತುಗಳು.

ಕೊಳ್ಳುವಾಗ ಮೊದಲು ಕೇಳಬೇಕಾದದ್ದು, ಕಲ್ಲು ಸಹಜವಾದದ್ದೇ, ಸಂಸ್ಕರಿಸಿದ್ದೇ ಎಂದು. ಇಂದು ಮಾರುಕಟ್ಟೆಗೆ ಬರುವ ಫಿರೋಜಾದಲ್ಲಿ ಬಹುಪಾಲಿಗೆ ಮೇಣವನ್ನೋ ರಾಳವನ್ನೋ ಉಣಿಸಿ ಗಟ್ಟಿ ಮಾಡಿರುತ್ತಾರೆ. ಹೇಳಿ ಮಾರಿದರೆ ಅದರಲ್ಲಿ ಮೋಸವಿಲ್ಲ. ಆದರೆ ಹೌಲೈಟ್, ಮ್ಯಾಗ್ನಸೈಟ್ ಎಂಬ ಅಗ್ಗದ ಬಿಳಿ ಕಲ್ಲುಗಳಿಗೆ ನೀಲಿ ಬಣ್ಣ ಹಾಕಿಯೂ ಮಾರುತ್ತಾರೆ. ಗಾಜು, ಪ್ಲಾಸ್ಟಿಕ್ಕುಗಳೂ ಇವೆ. 1972ರಿಂದ ಪ್ರಯೋಗಾಲಯದಲ್ಲಿ ತಯಾರಾದ ಗಿಲ್ಸನ್ ಫಿರೋಜಾವೂ ಬಂದಿದೆ. ಕಣ್ಣಳತೆಯನ್ನು ನಂಬಬೇಡಿ. ಬೆಲೆ ಹೆಚ್ಚಾಗಿದ್ದರೆ ರತ್ನಪರೀಕ್ಷೆಯ ಪ್ರಯೋಗಾಲಯದ ಪ್ರಮಾಣಪತ್ರ ಕೇಳಿ. ಅಮೆರಿಕದಲ್ಲಿ ಹೆಸರು ಮಾಡಿದ್ದ ಅರಿಜೋನಾದ 'ಸ್ಲೀಪಿಂಗ್ ಬ್ಯೂಟಿ' ಗಣಿಯಲ್ಲಿ ಫಿರೋಜಾ ತೆಗೆಯುವುದು 2012ರಲ್ಲಿ ನಿಂತಿತು. ಆ ಹೆಸರು ಹೇಳಿ ಹೆಚ್ಚು ಬೆಲೆ ಕೇಳಿದರೆ ದಾಖಲೆ ಕೇಳುವುದು ಜಾಣತನ.

ಸುತ್ತಲಿನ ವಜ್ರಗಳ ಬಗ್ಗೆಯೂ ವಿಚಾರಿಸಿ. ಗಣಿಯ ವಜ್ರವೇ, ಯಂತ್ರದಲ್ಲಿ ಬೆಳೆಸಿದ್ದೇ ಎಂಬುದು ರಸೀದಿಯಲ್ಲಿರಲಿ. ಎರಡೂ ವಜ್ರವೇ ಆದರೂ ಬೆಲೆಯಲ್ಲಿ ಅಜಗಜಾಂತರ. ವಜ್ರದ ಉಂಗುರಕ್ಕೆ ಸಾಮಾನ್ಯವಾಗಿ 18 ಕ್ಯಾರೆಟ್ ಚಿನ್ನ ಬಳಸುತ್ತಾರೆ. 22 ಕ್ಯಾರೆಟ್ ಮೆತ್ತಗಾಗಿ ಹರಳಿನ ಹಿಡಿತ ಸಡಿಲವಾಗುತ್ತದೆ. 18 ಕ್ಯಾರೆಟ್ಟಿಗೆ 750, 22ಕ್ಕೆ 916 ಎಂಬ ಗುರುತಿರುತ್ತದೆ. 2023ರ ಏಪ್ರಿಲ್‌ನಿಂದ ಅಂಗಡಿಯವರು ಆರು ಅಕ್ಷರ-ಅಂಕಿಗಳ ಹಾಲ್‌ಮಾರ್ಕ್ ಸಂಖ್ಯೆಯಿರುವ ಒಡವೆಗಳನ್ನೇ ಮಾರಬೇಕೆಂಬ ನಿಯಮವಿದೆ. ಫಿರೋಜಾದ ಸುತ್ತ ಚಿನ್ನದ ಅಂಚನ್ನು ಒತ್ತಿ ಕೂರಿಸಿದ್ದರೆ ಕಲ್ಲಿಗೆ ರಕ್ಷಣೆ ಹೆಚ್ಚು.

ಜನ್ಮರತ್ನದ ಮಾತಿಗೆ ಮರುಳಾಗಬೇಡಿ. ಡಿಸೆಂಬರಿನಲ್ಲಿ ಹುಟ್ಟಿದವರಿಗೆ ಫಿರೋಜಾ ಎಂಬ ಇಂದಿನ ಪಟ್ಟಿ ನಮ್ಮ ಋಷಿಮುನಿಗಳದ್ದಲ್ಲ. 1912ರಲ್ಲಿ ಅಮೆರಿಕದ ಆಭರಣ ವ್ಯಾಪಾರಿಗಳ ಸಂಘ ಸಭೆ ಸೇರಿ ಮಾಡಿದ್ದು! ಇಷ್ಟವಾದರೆ ಯಾವ ತಿಂಗಳಲ್ಲಿ ಹುಟ್ಟಿದವರೂ ತೊಡಬಹುದು.

ಮನೆಯಲ್ಲಿ ಇದ್ದರೆ, ಸ್ನೋ-ಪೌಡರ್, ಸೆಂಟು ಎಲ್ಲ ಮುಗಿದ ಮೇಲೆ ಕೊನೆಗೆ ತೊಡಿ. ಮನೆಗೆ ಬಂದೊಡನೆ ಮೊದಲು ಕಳಚಿ. ಅಂಟುವಾಳ, ಹುಣಸೆ, ನಿಂಬೆ, ಸಾಬೂನಿನಪುಡಿ ಯಾವುದೂ ಬೇಡ. ಮೆತ್ತನೆಯ ಹತ್ತಿಬಟ್ಟೆಯನ್ನು ತುಸುವೇ ಒದ್ದೆ ಮಾಡಿ ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿದರೆ ಸಾಕು. ಅಂಗಡಿಯಲ್ಲಿ ಯಂತ್ರಕ್ಕೆ ಹಾಕಿ ತೊಳೆದುಕೊಡುತ್ತೇವೆಂದರೆ ಬೇಡವೆನ್ನಿ. ಉಂಗುರದ ಅಳತೆ ಹೆಚ್ಚುಕಡಿಮೆ ಮಾಡಿಸುವುದಿದ್ದರೆ ಬೆಂಕಿ ತಗಲುವ ಮೊದಲು ಕಲ್ಲನ್ನು ಬಿಚ್ಚಿಡಲು ಅಕ್ಕಸಾಲಿಗನಿಗೆ ಹೇಳಿ. ಇಡುವಾಗ ಬೇರೆ ಒಡವೆಗಳೊಡನೆ ಸೇರಿಸದೆ ಪ್ರತ್ಯೇಕವಾಗಿ, ಬಟ್ಟೆಯಲ್ಲಿ ಸುತ್ತಿಡಿ. ವಜ್ರ ಪಕ್ಕದಲ್ಲಿದ್ದರೆ ಗೀರಿಬಿಡುತ್ತದೆ. ಒಂದೇ ಉಂಗುರದಲ್ಲಿ ಒಟ್ಟಿಗಿದ್ದಾಗ ಶೋಭೆ ಕೊಡುವವು ಡಬ್ಬಿಯಲ್ಲಿ ಉಜ್ಜಾಡಿದರೆ ಮೆತ್ತನೆಯದಕ್ಕೇ ಪೆಟ್ಟು. ಸಂಸಾರದಲ್ಲೂ ಹಾಗೆಯೇ ತಾನೆ?

ಕೊನೆಗೆ ಏನಾಯಿತು?

ನಿಶ್ಚಿತಾರ್ಥಕ್ಕೆ ಹದಿನೈದು ದಿನವಿರುವಾಗ ಮಗಳನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಹೊಸ ಕಲ್ಲು ಹಾಕಿಸಿದರೆ ನೀಲಿ ಬರುತ್ತದೆ, ಹಳೆಯದನ್ನೇ ಉಳಿಸಿಕೊಂಡರೆ ಹಸಿರೇ ಗತಿ, ಏನು ಮಾಡಲಿ ಎಂದು ಕೇಳಿದೆ. ಅವಳು ಉಂಗುರವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು.

"ಅಮ್ಮ, ನೀಲಿ ಅಜ್ಜಿಯದ್ದು, ಹಸಿರು ನಿನ್ನದು. ನನಗೆ ಎರಡೂ ಬೇಕು" ಎಂದಳು.

ಅಕ್ಕಸಾಲಿಗನಿಂದ ಕಲ್ಲನ್ನು ಬಿಚ್ಚಿಸಿ, ಅವಳ ಬೆರಳಿನ ಅಳತೆಗೆ ಉಂಗುರ ಮಾಡಿಸಿ, ಅದೇ ಕಲ್ಲನ್ನು ಮತ್ತೆ ಅಲ್ಲಿಯೇ ಕೂರಿಸಿದೆವು. ಬಿಚ್ಚಿದಾಗ ಒಂದು ವಿಚಿತ್ರ ಕಂಡಿತು. ಚಿನ್ನದ ಅಂಚಿನ ಮರೆಯಲ್ಲಿದ್ದ ಕಲ್ಲಿನ ಕೆಳಭಾಗದಲ್ಲಿ ಎಣ್ಣೆ, ಸಾಬೂನು ತಾಕದ ಒಂದು ತೆಳ್ಳನೆಯ ಗೆರೆ ಹಾಗೆಯೇ ಆಕಾಶನೀಲಿಯಾಗಿ ಉಳಿದಿತ್ತು. ಮತ್ತೆ ಕೂರಿಸಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ. ಇದೆಯೆಂದು ನಮಗಿಬ್ಬರಿಗೆ ಗೊತ್ತು.

ಉಂಗುರದ ಜೊತೆ ಇನ್ನೊಂದು ವಸ್ತುವನ್ನೂ ಮಗಳ ಕೈಗಿತ್ತೆ. ಕಿಟಕಿಯ ಮೇಲಿದ್ದ ಆ ಪುಟ್ಟ ಸ್ಟೀಲ್ ಬಟ್ಟಲು. ಈ ಬಾರಿ ಯಾತಕ್ಕೆಂದು ಬಾಯಿಬಿಟ್ಟು ಹೇಳಿಯೇ ಕೊಟ್ಟೆ.

ಓದುಗರೇ, ನಿಮ್ಮ ಮನೆಯಲ್ಲೂ ಕಳೆಗುಂದಿದ ಒಡವೆಯೊಂದು ಪೆಟ್ಟಿಗೆಯ ಮೂಲೆಯಲ್ಲಿರಬಹುದು. ಕರಗಿಸಲು ಕೊಡುವ ಮುನ್ನ ಒಮ್ಮೆ ಹೊರಗೆ ತೆಗೆಯಿರಿ. ಅದರ ಕಥೆ ಬಲ್ಲವರು ಮನೆಯಲ್ಲಿದ್ದರೆ ಇಂದೇ ಹೋಗಿ ಪಕ್ಕದಲ್ಲಿ ಕೂತು ಕೇಳಿ. ತೂಕವನ್ನು ಅಂಗಡಿಯವನು ಯಾವಾಗ ಬೇಕಾದರೂ ಹೇಳಬಲ್ಲ. ಹೆಸರನ್ನು ಹೇಳಬಲ್ಲವರು ಕೆಲವರೇ. ಅವರು ಎಂದೆಂದಿಗೂ ನಮ್ಮೊಡನೆ ಇರುವುದಿಲ್ಲ.